ಪಿಗ್ಮಿಯವರು ಬಂದ್ರು

ಹೊರ ಊರಿನಿಂದ ಮಂಗಳೂರಿಗೆ ಮೊದಲ ಸಲ ಬಂದವರಿಗೆ ಒಂದು ಸಣ್ಣ ಗೊಂದಲ ತಪ್ಪಿದ್ದಲ್ಲ. ಯಾವ ಸಿಟಿ ಬಸ್ಸು ಬಂದರೂ ಕಂಡಕ್ಟರು 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಎಂದೇ ಕೂಗುತ್ತಾನೆ. 'ನಿಮ್ಮೂರಾಗ ಮಂದಿ ಎದ್ದ ಕೂಡ್ಲೇ ಬ್ಯಾಂಕಿಗೆ ಹೋಗ್ತಾರೇನ?' ಎಂದು ನನ್ನ ಹುಬ್ಬಳ್ಳಿಯ ಗೆಳತಿ ಬೆರಗಾಗಿ ಕೇಳಿದ್ದಳು. ಸಿಟಿ ಬಸ್ಸುಗಳ ಕೊನೆಯ ನಿಲ್ದಾಣಕ್ಕೇ ಬ್ಯಾಂಕಿನ ಹೆಸರಿಟ್ಟು ಕರೆಯುವ ಊರು ನಮ್ಮದು ಎಂದು ವಿವರಿಸುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ.

ಹೆಮ್ಮೆಗೆ ಕಾರಣ ಇಲ್ಲದಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ತೆರೆದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಗಲ್ಲು ಹಾಕಿದರು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಹಕಾರಿ ಸಾಲು ಬೇರೆಯೇ ಉಂಟು. ಪುತ್ತೂರಿನ ಮೊಳಹಳ್ಳಿ ಶಿವರಾಯರ ಹೆಸರು ಹೇಳದೆ ಈ ಜಿಲ್ಲೆಯಲ್ಲಿ ಸಹಕಾರಿ ಸಭೆ ಶುರುವಾಗುವುದೇ ಇಲ್ಲ. 1914ರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಅವರ ಶ್ರಮದ ಫಲ. ದೊಡ್ಡ ಬ್ಯಾಂಕುಗಳ ಬೋರ್ಡುಗಳು ಈಗ ಬದಲಾಗಿವೆ; 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಆದರೆ ಇವುಗಳಲ್ಲೊಂದು ಹುಟ್ಟಿಸಿದ ಒಂದು ಅಭ್ಯಾಸ ಮಾತ್ರ ಇಂದಿಗೂ ಬೆಳಗ್ಗೆ ಹತ್ತೂವರೆಗೆ ನಮ್ಮ ಮನೆಯ ಗೇಟು ತೆರೆದು ಒಳಗೆ ಬರುತ್ತದೆ. ಅದರ ಹೆಸರು ಪಿಗ್ಮಿ.

ಸಿಂಡಿಕೇಟ್ ಬ್ಯಾಂಕನ್ನು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ.ಎಂ.ಎ. ಪೈ ಉಡುಪಿಯಲ್ಲಿ ಸ್ಥಾಪಿಸಿದಾಗ ಅವರ ಬಳಿ ಇದ್ದ ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರಿಗೆ ಸಾಲದ ನೆರವು ಕೊಡುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅವರು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಿಗೇ ಹೋಗಿ ಸಂಗ್ರಹಿಸುವ ಯೋಜನೆ ತಂದರು. ಎರಡಾಣೆಯಂತೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ಇಷ್ಟು ಹಣವನ್ನು ತಿಂಗಳ ಕೊನೆಗೆ ಒಟ್ಟಿಗೆ ಕೊಡು ಎಂದರೆ ಬಡವನ ಮನೆಯಲ್ಲಿ ಇರುತ್ತಿರಲಿಲ್ಲ. ದಿನಕ್ಕೆ ಎರಡಾಣೆ ಕೇಳಿದರೆ ಇರುತ್ತಿತ್ತು. ಇಡೀ ಯೋಜನೆಯ ಜಾಣತನ ಇಷ್ಟೇ. ಇದನ್ನು ಕಂಡುಕೊಳ್ಳಲು ಬಡವರ ಮನೆಯ ಒಳಗು ಗೊತ್ತಿರಬೇಕು.

ನನಗೆ ಗೊತ್ತಿರುವ ಒಳಗು ನನ್ನ ತಾಯಿಯದು. ಅಪ್ಪ ಜೆಪ್ಪುವಿನ ಕಡೆ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಟ್ಟಲು ಶುರು ಮಾಡಿದರೆ ಬೆರಳುಗಳು ಕಾಣುತ್ತಿರಲಿಲ್ಲ. ಬೀಡಿ ಬ್ರಾಂಚಿನಲ್ಲಿ ಮಜೂರಿ ಸಿಗುವುದು ವಾರಕ್ಕೊಮ್ಮೆ; ಆದರೆ ಪಿಗ್ಮಿಯವರು ಬರುವುದು ದಿನಾ. ಹಾಗಾಗಿ ಶನಿವಾರ ಕೈಗೆ ದುಡ್ಡು ಬಂದೊಡನೆ ಅವಳು ಆರು ಎರಡು ರೂಪಾಯಿಗಳನ್ನು ಬೇರೆ ತೆಗೆದು ಹಳೆಯ ಪೌಡರ್ ಡಬ್ಬಕ್ಕೆ ಹಾಕಿಡುತ್ತಿದ್ದಳು. 'ಪಿಗ್ಮಿಯವರು ಬಂದ್ರು' ಎಂದು ನಾವು ಕೂಗಿದರೆ ಅವಳು ತಲೆ ಎತ್ತದೆ 'ಡಬ್ಬ ಕೊಡು' ಎನ್ನುತ್ತಿದ್ದಳು. ನಾವು ಕೊಡುತ್ತಿದ್ದೆವು, ಅವರು ಕಾರ್ಡಿನ ಮೇಲೆ ಸಹಿ ಮಾಡುತ್ತಿದ್ದರು, ಒಂದು ಚೆಂಬು ನೀರು ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದರು. ಡಬ್ಬದಲ್ಲಿ ದುಡ್ಡಿಲ್ಲದ ದಿನ 'ನಾಳೆ ಕೊಡುವ ಅಕ್ಕ' ಎಂದು ಹೇಳುತ್ತಿದ್ದದ್ದು ಅವರೇ, ಅಮ್ಮ ಅಲ್ಲ.

ಇದು 1980ರ ದಶಕದ ಮಾತು. ವರ್ಷಕ್ಕೆ ಸುಮಾರು 300 ದಿನ ಕೊಟ್ಟರೆ 600 ರೂಪಾಯಿ. ಅಮ್ಮನ ಪಿಗ್ಮಿ ಯಾವಾಗಲೂ ಮೇ ತಿಂಗಳ ಮೊದಲ ವಾರದಲ್ಲಿ ಶುರುವಾಗಿ ಮರು ವರ್ಷ ಅದೇ ವಾರದಲ್ಲಿ ಮುಗಿಯುತ್ತಿತ್ತು. ಅದರ ಹಿಂದಿನ ಲೆಕ್ಕಾಚಾರ ನನಗೆ ಹೊಳೆದದ್ದು ನನ್ನದೇ ಸಂಸಾರ ಆದ ಮೇಲೆ. ನಮ್ಮ ಕರಾವಳಿಯ ಬಡವರಿಗೆ ಜೂನ್‌ನಷ್ಟು ದುಬಾರಿ ತಿಂಗಳು ಇನ್ನೊಂದಿಲ್ಲ. ಶಾಲೆ ಶುರು, ಕೊಡೆ ಬೇಕು, ಒಡೆದ ಹಂಚು ಬದಲಿಸಬೇಕು, ಯಾಂತ್ರಿಕ ದೋಣಿಗಳಿಗೆ ರಜೆಯಾಗಿ ಮೀನಿನ ಬೆಲೆ ಏರಿರುತ್ತದೆ, ಕಟ್ಟಿದ ಬೀಡಿ ಒಣಗದೆ ಬ್ರಾಂಚಿನಲ್ಲಿ ತಿರಸ್ಕಾರವಾಗುತ್ತದೆ. ಅದಕ್ಕೆ ಸರಿಯಾಗಿ ಮೇ ತಿಂಗಳಲ್ಲೇ ಕೈಗೆ ಬರುವಂತೆ ಅವಳು ಹಣ ಕೂಡಿಡುತ್ತಿದ್ದಳು. ಪಿಗ್ಮಿಯಾಗಲಿ, ತಿಂಗಳ ಆವರ್ತ ಠೇವಣಿಯಾಗಲಿ, ಸಿಕ್ಕಿದ ದಿನ ಶುರು ಮಾಡುವುದಕ್ಕಿಂತ ನಿಮ್ಮ ಮನೆಯ 'ಜೂನ್ ತಿಂಗಳು' ಯಾವುದೆಂದು ನೋಡಿ ಅದಕ್ಕೆ ಒಂದು ತಿಂಗಳ ಮೊದಲು ಮುಗಿಯುವಂತೆ ಶುರು ಮಾಡಿ. ಮಕ್ಕಳ ಕಾಲೇಜು ಫೀಸಿರಬಹುದು, ವಾಹನದ ವಿಮೆಯಿರಬಹುದು. ಆ ತಿಂಗಳಲ್ಲಿ ಚಿನ್ನ ಅಡವಿಡುವ ಪ್ರಮೇಯ ತಪ್ಪಿದರೆ ಉಳಿಯುವ ಬಡ್ಡಿಯೇ ನಿಮ್ಮ ನಿಜವಾದ ಲಾಭ.

ಉಳಿತಾಯದ ಸಲಹೆಗಳಿಗೇನೂ ನಮ್ಮಲ್ಲಿ ಬರವಿಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಒಲೆಯ ಮೇಲೆ ಮುಕ್ಕಾಲು ಗಂಟೆ ಗ್ಯಾಸ್ ಉರಿಸುವ ಬದಲು, ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ ಥರ್ಮಲ್ ಕುಕ್ಕರಿನ ದಪ್ಪ ಡಬ್ಬದೊಳಗೆ ಇಟ್ಟುಬಿಟ್ಟರೆ ಒಂದೂವರೆ ಗಂಟೆಯಲ್ಲಿ ತಾನೇ ಬೇಯುತ್ತದೆ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಇದು ನಿತ್ಯದ ಕ್ರಮ. ಎಪ್ರಿಲ್ ಮೇಯಲ್ಲಿ ಮಾವಿನಕಾಯಿಯನ್ನು ಉಪ್ಪುನೀರಿಗೆ ಹಾಕಿ, ಹಲಸಿನ ಸೊಳೆ ಉಪ್ಪಿನಲ್ಲಿಟ್ಟು, ಬೀಜ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿಟ್ಟುಕೊಂಡವರಿಗೆ ಆಟಿಯ ಮಳೆಯಲ್ಲಿ ತರಕಾರಿ ಅಂಗಡಿಯ ಹಂಗು ಕಡಿಮೆ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ನನ್ನ ತಕರಾರು ಬೇರೆ. ಹೀಗೆ ಉಳಿಸಿದ ದುಡ್ಡು ಎಲ್ಲಿ ಹೋಗುತ್ತದೆ ಎಂದು ಯಾವ ಸಲಹೆಗಾರರೂ ಹೇಳುವುದಿಲ್ಲ. ಸಿಲಿಂಡರ್ ಹತ್ತು ದಿನ ಹೆಚ್ಚು ಬಂದರೆ ಆ ಹತ್ತು ದಿನದ ದುಡ್ಡು ಎಲ್ಲೂ ಕಾಣಿಸುವುದಿಲ್ಲ. ಅದು ಸಂಜೆಯ ಗೋಳಿಬಜೆಯಲ್ಲೋ ಮೊಬೈಲಿನ ರೀಚಾರ್ಜಿನಲ್ಲೋ ಕರಗಿರುತ್ತದೆ. ಉಳಿತಾಯ ಎಂದರೆ ಖರ್ಚು ಮಾಡದಿರುವುದಲ್ಲ, ಖರ್ಚು ಮಾಡದ ದುಡ್ಡನ್ನು ಅದೇ ದಿನ ಮನೆಯಿಂದ ಹೊರಗೆ ಕಳುಹಿಸುವುದು ಎಂಬುದು ಅಮ್ಮನ ಪೌಡರ್ ಡಬ್ಬಕ್ಕೆ ತಿಳಿದಿತ್ತು.

ಈಗಿನ ಮಕ್ಕಳು ಪಿಗ್ಮಿಯನ್ನು ಒಪ್ಪುವುದಿಲ್ಲ. 'ಬಡ್ಡಿಯೇ ಇಲ್ಲ, ಅದೆಂತ ಉಳಿತಾಯ ಅಮ್ಮ?' ಎಂದು ನನ್ನ ಮಗ ಕೇಳುತ್ತಾನೆ. ಅವನ ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಒಂದು ದಿನ ಕಾಗದ ಪೆನ್ನು ಹಿಡಿದು ಕುಳಿತೆ. ದಿನಕ್ಕೆ 50 ರೂಪಾಯಿಯಂತೆ 300 ದಿನಕ್ಕೆ 15,000. ನಮ್ಮ ಸಂಘದಲ್ಲಿ ಸಂಗ್ರಹಕಾರರಿಗೆ ನೂರಕ್ಕೆ ಮೂರು ರೂಪಾಯಿ ಕಮಿಷನ್, ಅಂದರೆ 450. ಆದರೆ ಆ 15,000 ಇಡೀ ವರ್ಷ ಸಂಘದಲ್ಲಿ ಇರುವುದಿಲ್ಲವಲ್ಲ! ಮೊದಲ ದಿನ ಕೊಟ್ಟ ಐವತ್ತು ಮಾತ್ರ ಇಡೀ ವರ್ಷ ಇರುತ್ತದೆ, ಕೊನೆಯ ದಿನದ್ದು ಒಂದೇ ದಿನ. ಸರಾಸರಿ ನೋಡಿದರೆ ಸಂಘದ ಕೈಯಲ್ಲಿ ಇರುವುದು ಏಳೂವರೆ ಸಾವಿರ. ಅದರ ಮೇಲೆ 450 ಎಂದರೆ ಶೇಕಡಾ 6. ನಮಗೆ ಬರಬೇಕಾಗಿದ್ದ ಬಡ್ಡಿಯ ಬಹುಪಾಲು ಬಾಗಿಲಿಗೆ ಬಂದವರ ಕೂಲಿಯಾಗಿ ಹೋಗಿದೆ. ಇದರಲ್ಲಿ ಮೋಸವೇನೂ ಇಲ್ಲ. ನಾವು ಬಡ್ಡಿ ಬಿಟ್ಟುಕೊಟ್ಟು ಒಬ್ಬ ಮನುಷ್ಯರನ್ನು ಇಟ್ಟುಕೊಂಡಿದ್ದೇವೆ, ಅಷ್ಟೇ. ಕೈಯಲ್ಲಿ ಹಣ ನಿಲ್ಲಿಸಬಲ್ಲ ನನ್ನ ಮಗನಿಗೆ ಆ ಮನುಷ್ಯರು ಬೇಡ, ಅವನು ಮೊಬೈಲಿನಲ್ಲೇ ತಿಂಗಳಿಗಿಷ್ಟು ಕಟ್ಟಲಿ. ಬೇಕಾದವರೂ ಒಂದು ಮಾತು ನೆನಪಿಡಬೇಕು: ಪಿಗ್ಮಿ ಮುಗಿದ ದಿನ ಆ ಮೊತ್ತವನ್ನು ಅಲ್ಲೇ ಬಿಡದೆ, ಖರ್ಚು ಕಳೆದು ಉಳಿದದ್ದನ್ನು ನಿರಖು ಠೇವಣಿಗೆ ಹಾಕಿ. ಪಿಗ್ಮಿ ಕೂಡಿಸುವುದಕ್ಕೆ ಮಾತ್ರ, ಬೆಳೆಸುವುದಕ್ಕಲ್ಲ.

ಆ ಕೂಲಿ ಪಡೆಯುವವರ ಕಥೆಯೂ ಸುಲಭದ್ದಲ್ಲ. ಪಿಗ್ಮಿ ಸಂಗ್ರಹಿಸುವವರು ಬ್ಯಾಂಕಿನ ಕೆಲಸಗಾರರೋ ಬರೀ ಏಜೆಂಟರೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವರೂ ಕೆಲಸಗಾರರೇ ಎಂದು ತೀರ್ಮಾನವಾದದ್ದು 2001ರಲ್ಲಿ. ಅದು ಬ್ಯಾಂಕುಗಳ ಮಾತು. ಸಣ್ಣ ಸಂಘಗಳಲ್ಲಿ ಇಂದಿಗೂ ಬಹುಮಟ್ಟಿಗೆ ಕಮಿಷನ್ನೇ ಸಂಬಳ. ಈಗ ನಮ್ಮ ಬೀದಿಗೆ ಬರುವವರು ನಲ್ವತ್ತರ ಆಸುಪಾಸಿನ ಹೆಂಗಸು. ಸ್ಕೂಟರ್, ಕೈಯಲ್ಲಿ ಚೀಟಿ ಮುದ್ರಿಸುವ ಪುಟ್ಟ ಯಂತ್ರ. ಯಾರ ಮನೆಯಲ್ಲಿ ಯಾರಿಗೆ ಆಪರೇಷನ್, ಸಂಘದಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಬಾಡಿಗೆಗೆ ಮನೆ ಎಲ್ಲಿ ಖಾಲಿ ಉಂಟು, ಎಲ್ಲವೂ ಆ ಸ್ಕೂಟರಿನಲ್ಲೇ ಬರುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಊರೆಲ್ಲ ಮುಚ್ಚಿದಾಗ ಆಕೆಯ ಸ್ಕೂಟರೂ ನಿಂತಿತು. ಸಂಗ್ರಹ ಇಲ್ಲದಿದ್ದರೆ ಕಮಿಷನ್ ಇಲ್ಲ. ಆದರೂ ಆಕೆ ಫೋನು ಮಾಡಿ, ಯಾರ್ಯಾರಿಗೆ ಅವಧಿಗೆ ಮೊದಲೇ ಪಿಗ್ಮಿ ಮುರಿಯಬೇಕಾಗಿದೆ ಎಂದು ಕೇಳಿ ಪಟ್ಟಿ ಮಾಡಿ ಸಂಘಕ್ಕೆ ಕೊಟ್ಟರು. ಬಾಗಿಲು ಹಾಕಿದ್ದ ಕ್ಷೌರದಂಗಡಿಯವರು, ಹೂ ಮಾರುವವರು ಆ ಎರಡು ತಿಂಗಳು ಅಕ್ಕಿ ತಂದದ್ದು ತಮ್ಮದೇ ಹತ್ತು ಇಪ್ಪತ್ತು ರೂಪಾಯಿಗಳಿಂದ.

ಹಾಗೆಂದು ಬಾಗಿಲಿಗೆ ಬಂದವರನ್ನೆಲ್ಲ ನಂಬಬೇಕೆಂದಲ್ಲ. ಕೆಲವು ವರ್ಷಗಳಿಂದ ನಮ್ಮ ಜಿಲ್ಲೆಯಲ್ಲಿ 'ಲಕ್ಕಿ ಸ್ಕೀಮ್'ಗಳ ಹಾವಳಿ. ತಿಂಗಳಿಗೆ ಸಾವಿರ ಕಟ್ಟಿ, ಕಾರು ಗೆಲ್ಲಿ, ಚಿನ್ನ ಗೆಲ್ಲಿ ಎಂಬ ಕರಪತ್ರ ಹಿಡಿದು ಬರುವವರು ನೆಂಟರೇ, ಪರಿಚಯದವರೇ. ಹಣ ಸುತ್ತಿಸುವ ಇಂಥ ಬಹುಮಾನ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ಬಂದದ್ದೇ 1978ರಲ್ಲಿ. ನಮ್ಮ ಪಕ್ಕದ ಮನೆಯವರು ಹನ್ನೊಂದು ಕಂತು ಕಟ್ಟಿದ ಮೇಲೆ ಕಚೇರಿಗೆ ಬೀಗ ಬಿತ್ತು.

ಇನ್ನೊಂದು ವಿಷಯ ಗೃಹಿಣಿಯರು ಖಂಡಿತ ತಿಳಿದಿರಬೇಕು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿ ಗಾಬರಿಯೆದ್ದ ಮೇಲೆ 1962ರಲ್ಲಿ ಠೇವಣಿ ವಿಮೆ ಜಾರಿಗೆ ಬಂತು. ಆಗ ಒಬ್ಬರಿಗೆ 1,500 ರೂಪಾಯಿಯವರೆಗೆ ರಕ್ಷಣೆಯಿತ್ತು. 1993ರಲ್ಲಿ ಒಂದು ಲಕ್ಷ, 2020ರ ಫೆಬ್ರವರಿಯಲ್ಲಿ ಐದು ಲಕ್ಷ ಆಯಿತು. ಅಸಲು ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿಗೆ ಒಬ್ಬರಿಗೆ ಈ ಮಿತಿ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಎಂದಿದೆಯೋ 'ಸಂಘ' ಎಂದಿದೆಯೋ ನೋಡಿ. ಸಂಘವಾದರೆ ಹೆದರಿ ಓಡಬೇಕಿಲ್ಲ. ವರದಿ ಪುಸ್ತಕದಲ್ಲಿ ಲೆಕ್ಕಪರಿಶೋಧನೆಯ ವರ್ಗ ಏನು, ವಸೂಲಾಗದ ಸಾಲ ಎಷ್ಟು ಎಂಬ ಎರಡು ಸಾಲು ಓದಿ, ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಡಬೇಡಿ. ಪಿಗ್ಮಿ ಚೀಟಿಯ ಮೊತ್ತಕ್ಕೂ ಪಾಸ್‌ಪುಸ್ತಕದ ಮೊತ್ತಕ್ಕೂ ತಿಂಗಳಿಗೊಮ್ಮೆ ತಾಳೆ ನೋಡಿ. ನಾಮ ನಿರ್ದೇಶನದ ಅರ್ಜಿಯನ್ನು ಇವತ್ತೇ ತುಂಬಿಸಿ.

ವರದಿ ಪುಸ್ತಕ ಎಂದಾಗ ನೆನಪಾಯಿತು. ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಸಂಘದ ವಾರ್ಷಿಕ ಮಹಾಸಭೆ. ಸಜ್ಜಿಗೆ ಬಜಿಲ್, ಚಹಾ, ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ಡಿವಿಡೆಂಡ್ ಘೋಷಣೆಗೆ ಚಪ್ಪಾಳೆ, ಎಲ್ಲ ಪ್ರತಿ ವರ್ಷದಂತೆಯೇ. ಕೊನೆಯಲ್ಲಿ ಆಡಳಿತ ಮಂಡಳಿಯಿಂದ ಒಂದು ಸೂಚನೆ ಬಂತು: ದಿನಕ್ಕೆ ಐವತ್ತು ರೂಪಾಯಿಗಿಂತ ಕಡಿಮೆಯ ಪಿಗ್ಮಿಯನ್ನು ಇನ್ನು ಮನೆ ಬಾಗಿಲಲ್ಲಿ ಸಂಗ್ರಹಿಸುವುದಿಲ್ಲ, ಎಸ್ಸೆಮ್ಮೆಸ್ಸು, ಚೀಟಿ, ನಮೂದು ಎಂದು ಖರ್ಚು ಹೆಚ್ಚುತ್ತಿದೆ, ಸದಸ್ಯರು ಮೊಬೈಲಿನಲ್ಲಿ ಕಟ್ಟಬಹುದು ಅಥವಾ ವಾರಕ್ಕೊಮ್ಮೆ ಕಚೇರಿಗೆ ಬರಬಹುದು. ಹತ್ತು ರೂಪಾಯಿಯ ಪಿಗ್ಮಿಗೆ ಮೆಟ್ಟಿಲು ಹತ್ತಿದರೆ ಸಂಗ್ರಹಕಾರರಿಗೆ ಸಿಗುವುದು ಮೂವತ್ತು ಪೈಸೆ. ನಿಜವಾಗಿ ನಷ್ಟ ಆಗುವುದಿದ್ದರೆ ಅದು ಆಕೆಗೆ. ಹಾಲಿನ ಹಿಂದೆ ನಿಂತಿದ್ದ ಆಕೆ ಹಾಗೆ ಕೇಳಿರಲೇ ಇಲ್ಲ.

ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಹಿಂದೆ ಬೀಡಿ ಕಟ್ಟುತ್ತಿದ್ದವರು, ಈಗ ಮನೆಯ ಮುಂದೆ ವೀಳ್ಯದೆಲೆ ಮಾರುತ್ತಾರೆ. ಮೈಕು ಬೇಡ ಎಂದರು.

'ಅಧ್ಯಕ್ಷರೇ, ನಾನು ನಲ್ವತ್ತು ವರ್ಷದಿಂದ ಮೆಂಬರು. ವಾರಕ್ಕೊಮ್ಮೆ ಬನ್ನಿ ಅಂತ ಹೇಳ್ತೀರಿ. ಬರ್ಲಿಕ್ಕೆ ಕಷ್ಟ ಇಲ್ಲ, ನಡೀತೇನೆ. ಆದ್ರೆ ವಾರದವರೆಗೆ ಆ ಎಪ್ಪತ್ತು ರೂಪಾಯಿ ನನ್ನ ಹತ್ರ ಇರುದಿಲ್ಲ ಮಾರಾಯ್ರೆ. ಮೊಮ್ಮಗ ಕೇಳ್ತಾನೆ, ಕೊಡ್ತೇನೆ. ಈ ಹುಡುಗಿ ದಿನಾ ಬರ್ತಾಳಲ್ಲ, ಅದಕ್ಕೇ ಉಳಿಯುದು.'

ಸಭೆ ನಕ್ಕಿತು, ಆಮೇಲೆ ಸುಮ್ಮನಾಯಿತು. ಹಿಂದಿನ ಸಾಲಿನಲ್ಲಿ ಯಾರೋ 'ಎಸ್ಸೆಮ್ಮೆಸ್ ಬೇಡ, ಚೀಟಿ ಸಾಕು' ಎಂದರು. ಇನ್ನೊಬ್ಬರು ಸಭೆಗೆ ಕೊಡುವ ಉಡುಗೊರೆ ಚೀಲ ನಿಲ್ಲಿಸಿ ಎಂದರು. ಮುಕ್ಕಾಲು ಗಂಟೆ ಚರ್ಚೆಯಾಗಿ, ಈಗ ಇರುವ ಸಣ್ಣ ಪಿಗ್ಮಿಗಳನ್ನು ಹಾಗೆಯೇ ಮುಂದುವರಿಸುವುದು, ಅರವತ್ತು ದಾಟಿದವರಿಗೆ ಹೊಸದಾಗಿಯೂ ತೆರೆಯುವುದು, ಇಪ್ಪತ್ತೈದು ರೂಪಾಯಿಯ ಒಳಗಿನದಕ್ಕೆ ಸಂಗ್ರಹಕಾರರಿಗೆ ನೂರಕ್ಕೆ ಐದು ಕೊಡುವುದು ಎಂದು ಕೈ ಎತ್ತಿ ತೀರ್ಮಾನವಾಯಿತು. ಉಡುಗೊರೆ ಚೀಲದ ವಿಷಯ ಮುಂದಿನ ವರ್ಷಕ್ಕೆ ಹೋಯಿತು.

ಮೊನ್ನೆ ನಮ್ಮ ಪಿಗ್ಮಿಯವರು ಹೇಳಿದರು, ಆ ಅಜ್ಜಿ ಹತ್ತನ್ನು ಹದಿನೈದು ಮಾಡಿದ್ದಾರಂತೆ.