ಗೌರಿ ಹೂವಿನ ಗುರುತು

ಹೆಸರು ತಿಳಿಯದ ಗಿಡವನ್ನು ಮನುಷ್ಯನು ಕಂಡರೂ ಕಾಣದವನಂತೆಯೇ ದಾಟಿಹೋಗುತ್ತಾನೆ. ಬೆಂಗಳೂರಿನ ಹೊರವಲಯದಲ್ಲಿ ಈ ಮಾತು ಇನ್ನಷ್ಟು ಸತ್ಯ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ ತರುವಾಯ, ಸುತ್ತಣ ಹೊಲ, ಗೋಮಾಳ, ಕುರುಚಲು ಕಾಡುಗಳಿದ್ದ ಕಡೆ ಕಾರ್ಖಾನೆಗಳೂ ಬಡಾವಣೆಗಳೂ ಎದ್ದುವು. ಅಳಿದುಳಿದ ಬೇಲಿಸಾಲುಗಳಲ್ಲಿ ವರ್ಷವೆಲ್ಲ ಅರಳುವ ಲಂಟಾನವು ಅಮೆರಿಕದಿಂದ ಬಂದದ್ದು. ಮಳೆಗಾಲದಲ್ಲಿ ಮಾತ್ರ ಮುಖ ತೋರುವ ಗೌರಿ ಹೂವಾದರೋ ಈ ನೆಲದ್ದೇ.

ಆ ಭಾಗದ ಶಾಲೆಯೊಂದರ ವಿಜ್ಞಾನದ ಅಧ್ಯಾಪಕರೊಬ್ಬರು ಪ್ರತಿ ಶ್ರಾವಣದಲ್ಲಿ ಮಕ್ಕಳನ್ನು ಹಳೆಯ ಕಳ್ಳಿಬೇಲಿಯೊಂದರ ಬಳಿಗೆ ಕರೆದೊಯ್ಯುತ್ತಿದ್ದರು. ಹೂವಿಗಿಂತ ಮೊದಲು ಎಲೆಯನ್ನು ನೋಡಬೇಕೆಂಬುದು ಅವರ ನಿಯಮ. ಈಟಿಯಂತೆ ನೀಳವಾದ ಎಲೆಯ ತುದಿಯೇ ಸುರುಳಿಗೊಂಡು ಕುಡಿಬಳ್ಳಿಯಾಗುತ್ತದೆ. ಅದರಿಂದಲೇ ಬಳ್ಳಿಯು ಬೇಲಿಯನ್ನು ಹಿಡಿದು ಮೇಲೇರುತ್ತದೆ. ಹೂವಿಗೆ ಆರು ದಳಗಳು. ಅಂಚು ಅಲೆಅಲೆಯಾಗಿ, ಎಲ್ಲವೂ ಹಿಂದಕ್ಕೆ ಬಾಗಿ ನಿಂತಿರುತ್ತವೆ. ಬಣ್ಣವು ಮೊದಲು ಹಸುರು ಮಿಶ್ರಿತ ಹಳದಿ, ಬಳಿಕ ಹಳದಿ ಕೆಂಪು, ಕಡೆಗೆ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂಗಳನ್ನು ಕಂಡ ಮಕ್ಕಳು ಮೂರು ಜಾತಿಯೆಂದು ಭ್ರಮಿಸುವುದುಂಟು. ಶಲಾಕೆಯು ಬುಡದಲ್ಲೇ ಅಡ್ಡಕ್ಕೆ ತಿರುಗಿರುವುದು ಮತ್ತೊಂದು ಖಚಿತ ಗುರುತು.

ಹೆಸರುಗಳೂ ಗುರುತಿಗೆ ನೆರವಾಗುತ್ತವೆ. ಜ್ವಾಲೆಯಂಥ ರೂಪದಿಂದ ಅಗ್ನಿಶಿಖೆ. ನೇಗಿಲಿನಂತೆ ಕವಲೊಡೆದ ಗೆಡ್ಡೆಯಿಂದ ಸಂಸ್ಕೃತದಲ್ಲಿ ಲಾಂಗಲಿ. ಲಿನೇಯಸನು 1753ರಲ್ಲಿ ಇದನ್ನು ಗ್ಲೋರಿಯೋಸಾ ಸುಪರ್ಬಾ ಎಂದು ಕರೆದನು. ನೆರೆಯ ತಮಿಳುನಾಡಿಗೆ ಇದು ರಾಜ್ಯಪುಷ್ಪ. ದೂರದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

ಒಂದು ಬೇಸಗೆಯಲ್ಲಿ ಬೇಲಿಯ ಪಕ್ಕದ ನೆಲವನ್ನು ಯಂತ್ರವು ಸಮತಟ್ಟು ಮಾಡಿತು. ಮೇಲೆದ್ದ ಗೆಡ್ಡೆಯೊಂದನ್ನು ಹುಡುಗನೊಬ್ಬನು ತಂದು, "ಇದು ಗೆಣಸೇ, ಮೇಷ್ಟ್ರೇ?" ಎಂದು ಕೇಳಿದನು. "ಕೆಳಗಿಡು ಮಗು, ಮೊದಲು ಕೈ ತೊಳೆದುಕೊ" ಎಂದರು ಅಧ್ಯಾಪಕರು. ಪ್ರಶ್ನೆ ಸಹಜವಾದುದೇ. ಗೆಣಸೆಂದು ಬಗೆದು ಈ ಗೆಡ್ಡೆಯನ್ನು ತಿಂದು ಪ್ರಾಣ ಕಳೆದುಕೊಂಡವರುಂಟು. ಗಿಡದ ಸರ್ವಾಂಗದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ; ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಅದು ಪ್ರಬಲ. ವಾಂತಿ ಭೇದಿಗಳು ತಿಂದ ಕೂಡಲೇ ಅಲ್ಲದೆ ಕೆಲವು ಗಂಟೆಗಳ ಮೇಲೆ ತೋರುವುದರಿಂದ ಅಪಾಯ ಇನ್ನೂ ಹೆಚ್ಚು. ಅದೇ ಕಾಲ್ಚಿಸಿನ್ ಶುದ್ಧೀಕೃತವಾಗಿ, ವೈದ್ಯರು ಹೇಳಿದ ಅಳತೆಯಲ್ಲಿ, ಗೌಟ್ ಎಂಬ ಕೀಲುನೋವಿಗೆ ಔಷಧವಾಗುತ್ತದೆ. ಅದಕ್ಕಾಗಿಯೇ ತಮಿಳುನಾಡಿನಲ್ಲಿ ಬೀಜಕ್ಕೋಸ್ಕರ ಇದನ್ನು ಬೆಳೆಯುತ್ತಾರೆ.

ಆ ದಿನ ಮಕ್ಕಳು ಕಲಿತದ್ದು ವಿಷದ ಪಾಠವಷ್ಟೇ ಅಲ್ಲ. ಮಳೆಗಾಲ ಕಳೆದು ಕಾಯಿ ಬಲಿತ ಮೇಲೆ ಬಳ್ಳಿ ಒಣಗಿ ಮಾಯವಾಗುತ್ತದೆ. ಜೀವವು ಗೆಡ್ಡೆಯಲ್ಲಿ ಅಡಗಿ ಮುಂದಿನ ಮಳೆಯನ್ನು ಕಾಯುತ್ತದೆ. ಚೈತ್ರ ವೈಶಾಖಗಳಲ್ಲಿ ನೆಲವನ್ನು ಅಳೆಯಲು ಬಂದವರಿಗೆ ಅಲ್ಲಿ ಒಣಹುಲ್ಲು ಮಾತ್ರ ಕಾಣುತ್ತದೆ. "ಖಾಲಿ ಜಾಗ" ಎಂದು ಕಾಗದದಲ್ಲಿ ಬರೆಯುವವರು ಸುಳ್ಳು ಬರೆಯುವುದಿಲ್ಲ, ಕಂಡಷ್ಟನ್ನೇ ಬರೆಯುತ್ತಾರೆ. ಆದರೆ ಬಹುವಾರ್ಷಿಕ ಗಿಡವನ್ನು ಒಂದು ಋತುವಿನ ನೋಟದಿಂದ ತಿಳಿಯಲಾಗದು. ಒಂದು ನೆಲದಲ್ಲಿ ಏನಿದೆಯೆಂದು ನಿರ್ಣಯಿಸುವ ಮುನ್ನ ಅದನ್ನು ಒಂದು ಮಳೆಗಾಲವಾದರೂ ನೋಡಬೇಕು. ಪೀಣ್ಯದ, ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಅಂಚಿನಲ್ಲಿ ವಾಸಿಸುವ ವಿದ್ಯಾರ್ಥಿಗೆ ಈ ಕೆಲಸ ಕಷ್ಟದ್ದಲ್ಲ. ಕೀಳದೆ, ಮುಟ್ಟದೆ, ಕಂಡ ಸ್ಥಳವನ್ನೂ ದಿನಾಂಕವನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಆ ಒಂದು ಸಾಲು, ಮುಂದೆ ಎಂದಾದರೂ, ಆ ನೆಲ ಖಾಲಿಯಾಗಿರಲಿಲ್ಲವೆಂಬುದಕ್ಕೆ ಸಾಕ್ಷಿಯಾದೀತು.