ನಡೆಯದೆ ಉಳಿದ ಮುಷ್ಕರ

ಮಳೆ ಬರುವುದೆಂದು ಕೊಡೆ ಹಿಡಿದು ಹೊರಟವನಿಗೆ ದಾರಿಯಲ್ಲಿ ಬಿಸಿಲು ಕಂಡರೆ ಸಂತೋಷವೇ ಆಗಬೇಕು. ಆದರೂ ಮಡಿಸಿದ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುವಾಗ ಒಂದು ಬಗೆಯ ಸಂಕೋಚ ಅವನನ್ನು ಬಿಡದು. ಕೆಲವು ದಿನಗಳ ಹಿಂದೆ ನಮ್ಮ ಸ್ಥಿತಿಯೂ ಹಾಗೆಯೇ ಆಯಿತು. ಸೋಮವಾರ ಬೆಳಗ್ಗೆ 8 ಗಂಟೆಗೆ ನಾವು ಫಲಕ ಹಿಡಿದು ವಿಶ್ವವಿದ್ಯಾನಿಲಯದ ಹೆಬ್ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಭಾನುವಾರ ರಾತ್ರಿ 11 ಗಂಟೆಗೆ ಒಡಂಬಡಿಕೆಯಾಯಿತೆಂದು ಸುದ್ದಿ ಬಂದಿತು. ಫಲಕವು ಕಾರಿನ ಹಿಂಭಾಗದಲ್ಲಿಯೇ ಉಳಿಯಿತು. ನಾವು ಎಂದಿನಂತೆ ಸೀಮೆಸುಣ್ಣ ಹಿಡಿದು ತರಗತಿಗೆ ಹೋದೆವು.

ನಾವು ಮೈಸೂರು ಸೀಮೆಯಲ್ಲಿ ಹುಟ್ಟಿ, ಅಮೆರಿಕದ ಒಂದು ಸರ್ಕಾರೀ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲದಿಂದ ಗಣಿತವನ್ನು ಕಲಿಸುತ್ತಿರುವವರು. ಆ ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಗಿರಣಿಯ ಕೂಲಿಗಾರರು ಮುಷ್ಕರ ಹೂಡುವುದುಂಟು, ಪ್ರಾಧ್ಯಾಪಕರೂ ಹೂಡುವರೇ ಎಂದು ವಾಚಕರು ಕೇಳಬಹುದು. ಆ ದೇಶದಲ್ಲಿ ಇದಕ್ಕೆ ಉತ್ತರ ಒಂದೇ ಬಗೆಯಾಗಿಲ್ಲ. ಖಾಸಗಿ ಸಂಸ್ಥೆಯಾದ ಯೆಶೀವಾ ವಿಶ್ವವಿದ್ಯಾನಿಲಯದ ಮೊಕದ್ದಮೆಯಲ್ಲಿ, ಅಲ್ಲಿಯ ಪೂರ್ಣಾವಧಿ ಅಧ್ಯಾಪಕರು ಆಡಳಿತದಲ್ಲಿ ಕೈಯಾಡಿಸುವುದರಿಂದ ವ್ಯವಸ್ಥಾಪಕರೇ ಸರಿ, ಕೆಲಸಗಾರರ ಕಾನೂನಿನ ರಕ್ಷಣೆ ಅವರಿಗಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸರ್ಕಾರೀ ವಿದ್ಯಾಶಾಲೆಗಳ ಮಾತು ಆಯಾ ಸಂಸ್ಥಾನದ ಕಾನೂನಿಗೆ ಸೇರಿದ್ದು. ಕೆಲವೆಡೆ ಮುಷ್ಕರ ನಿಷಿದ್ಧ. ಕೆಲವೆಡೆ, ಮಾತುಕತೆಯ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿದ ಮೇಲೆ, ಅದಕ್ಕೆ ಅವಕಾಶವುಂಟು.

ಅವಕಾಶವಿದ್ದಲ್ಲಿಯೂ ಅದು ನಡೆಯುವುದಕ್ಕಿಂತ ಅಂಚಿನವರೆಗೆ ಹೋಗಿ ಹಿಂದಿರುಗುವುದನ್ನು ನಾವು ಹೆಚ್ಚಾಗಿ ಕಂಡಿದ್ದೇವೆ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ 2016ರಲ್ಲಿ 23 ಶಾಖೆಗಳೂ ನಾಲ್ಕೂವರೆ ಲಕ್ಷಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳೂ ಇದ್ದರು. ಅಧ್ಯಾಪಕರು ಸಂಬಳದಲ್ಲಿ ನೂರಕ್ಕೆ 5ರಷ್ಟು ಏರಿಕೆ ಕೇಳಿದರು. ಆಡಳಿತದವರು 2 ಎಂದರು. ಏಪ್ರಿಲ್ 13ರಂದು ಮುಷ್ಕರವೆಂದು ಗೊತ್ತಾಗಿ, ಇನ್ನು ಕೆಲವೇ ದಿನಗಳು ಉಳಿದಿರುವಾಗ ರಾಜಿಯಾಯಿತು. ಹಂತಹಂತವಾಗಿ ಒಟ್ಟು ನೂರಕ್ಕೆ 10.5ರಷ್ಟು ಏರಿಕೆ ದೊರೆಯಿತು. ಆದರೆ ಅದೇ ರಾಜಿಯಲ್ಲಿ ಇನ್ನೊಂದು ಮಾತಿತ್ತು: ಮುಂದೆ ಹೊಸದಾಗಿ ಸೇರುವವರು, ನಿವೃತ್ತಿಯ ನಂತರದ ವೈದ್ಯಕೀಯ ಸೌಲಭ್ಯಕ್ಕೆ 5 ವರ್ಷಗಳ ಬದಲು 10 ವರ್ಷ ದುಡಿಯಬೇಕು. ಮೇಜಿನ ಬಳಿ ಕುಳಿತವರ ಲಾಭದ ಒಂದು ಪಾಲನ್ನು, ಇನ್ನೂ ಬಾಗಿಲಿಗೇ ಬಾರದವರು ತೆರಬೇಕಾಯಿತು. ಈ ಒಂದು ಅಂಶ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ಅದೇಕೆಂದರೆ, ನಮ್ಮ ಸಂಸ್ಥೆಯಲ್ಲಿಯೂ ಬಾಗಿಲ ಹೊರಗೆ ನಿಂತವರು ಇದ್ದಾರೆ. ನಮ್ಮ ಕೆಲಸ ಕಾಯಂ. ಅದನ್ನು ಯಾರೂ ಸುಲಭವಾಗಿ ಕಸಿಯಲಾರರು. ನಮ್ಮ ಕೊಠಡಿಯಲ್ಲಿಯೇ ಇನ್ನೊಂದು ಮೇಜಿನ ಬಳಿ ಕೂರುವ ಮಹಿಳೆಯೊಬ್ಬರಿಗೆ ಪ್ರತಿ ಅರ್ಧವರ್ಷಕ್ಕೊಮ್ಮೆ ಹೊಸ ನೇಮಕಪತ್ರ ಬರಬೇಕು. ವಿದ್ಯೆಯಲ್ಲಿ ನಮಗೆ ಸಮಾನರು. ಪಾಠದಲ್ಲಿ ನಮಗಿಂತ ಮೇಲು. ಆಕೆ ವಾರದಲ್ಲಿ ಮೂರು ಕಾಲೇಜುಗಳ ನಡುವೆ ಕಾರಿನಲ್ಲಿ ಓಡಾಡಿ, ಮೂರು ಕಡೆಯ ಉತ್ತರಪತ್ರಿಕೆಗಳನ್ನು ಮೂರು ಚೀಲಗಳಲ್ಲಿ ಇಟ್ಟುಕೊಂಡಿರುವರು. ಒಂದೇ ಕೊಠಡಿಯಲ್ಲಿ ಆರು ವರ್ಷ ಕುಳಿತರೂ, ಆ ಚೀಲಗಳ ಬಣ್ಣ ಬೇರೆಬೇರೆ ಏಕೆಂದು ನಾವು ಕೇಳಿದ್ದು ಮುಷ್ಕರದ ಸಭೆಯ ಮಾರನೆಯ ದಿನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುವುದೇ ಸರಿ.

ಮತ ಹಾಕುವ ದಿನ ಆಕೆ ಕ್ಷಣಮಾತ್ರವೂ ತಡೆಯಲಿಲ್ಲ. ಕಳೆದುಕೊಳ್ಳಲು ಹೆಚ್ಚಾಗಿ ಇದ್ದುದು ಆಕೆಗೆ, ತಡೆದದ್ದು ನಾವು. ಮನೆಯಲ್ಲಿ ನಮ್ಮ ಹೆಂಡತಿ ಒಂದು ಕಾಗದದ ಮೇಲೆ ಬಾಡಿಗೆ, ದಿನಸಿ, ಮಗಳ ಶುಲ್ಕ ಎಲ್ಲವನ್ನೂ ಬರೆದು, “ಎರಡು ತಿಂಗಳು ಸಂಬಳವಿಲ್ಲದಿದ್ದರೂ ನಡೆದೀತು. ಹೆದರಿಕೆ ಹಣದ್ದಲ್ಲವಾದರೆ ಮತ್ತೆ ಯಾವುದರದು?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮುಷ್ಕರದ ಪಕ್ಷಕ್ಕೇ ಮತ ಹಾಕಿದೆವು. ಆದರೆ ಅದು ನಡೆಯದಿರಲಿ ಎಂದು ಒಳಗೊಳಗೇ ಹಾರೈಸುತ್ತಲೂ ಇದ್ದೆವು.

ಸೋಮವಾರದ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ನಿಂತು ಕೇಳಿದನು: “ಒಪ್ಪಂದವಾಗದಿದ್ದರೆ ನೀವು ಇಂದು ಬರುತ್ತಿರಲಿಲ್ಲವೇ?” ರಾತ್ರಿಯ ಪಾಳಿಯಲ್ಲಿ ಉಗ್ರಾಣವೊಂದರಲ್ಲಿ ದುಡಿದು ಶುಲ್ಕ ಕಟ್ಟುವ ಹುಡುಗ ಅವನು. “ಬರುತ್ತಿರಲಿಲ್ಲ” ಎಂದೆವು. “ನಾನು ಕಟ್ಟಿದ ಹಣ?” ಎಂದನು. ಆ ಪ್ರಶ್ನೆ ನ್ಯಾಯವಾದದ್ದು. ಗಿರಣಿಯ ಯಂತ್ರ ನಿಂತರೆ ಮೊದಲ ಪೆಟ್ಟು ಧಣಿಯ ಥೈಲಿಗೆ. ಪಾಠ ನಿಂತರೆ ಮೊದಲ ಪೆಟ್ಟು ಶಿಷ್ಯನಿಗೆ; ಶುಲ್ಕವನ್ನು ಮುಂಚೆಯೇ ಕಟ್ಟಿಸಿಕೊಂಡವರಿಗೆ ಅದು ಆಮೇಲೆ, ತಂದೆತಾಯಿಗಳ ದೂರಿನ ರೂಪದಲ್ಲಿ, ಮುಟ್ಟುತ್ತದೆ. ನಮ್ಮ ಆಯುಧದ ಮೊನೆ ನಾವು ಕಾಪಾಡಬೇಕಾದವರ ಕಡೆಗೇ ತಿರುಗಿದೆ ಎಂಬುದನ್ನು ಮರೆತು ಮುಷ್ಕರ ಹೂಡುವ ಉಪಾಧ್ಯಾಯನು ಉಪಾಧ್ಯಾಯನಲ್ಲ.

ಆದರೂ ನ್ಯಾಯಕ್ಕೆ ಇನ್ನೊಂದು ಮಗ್ಗುಲಿದೆ. ಆ ಹುಡುಗನಿಗೆ ಕಳೆದ ವರ್ಷ ಪಾಠ ಹೇಳಿದವರು ನಮ್ಮ ಕೊಠಡಿಯ ಆ ಮಹಿಳೆಯೇ. ಗಂಟೆ ಬಾರಿಸಿದ ಕೂಡಲೆ ಮುಂದಿನ ಕಾಲೇಜಿಗೆ ಓಡಬೇಕಾದ ಆಕೆಗೆ, ಅವನ ಸಂದೇಹವನ್ನು ನಿಂತು ಕೇಳಲು ಹೊತ್ತೆಲ್ಲಿಯದು? ಮುಷ್ಕರದಿಂದ ಆಗಬಹುದಾಗಿದ್ದ ನಷ್ಟ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಪ್ರತಿದಿನವೂ ಆಗುತ್ತಿದ್ದ ಈ ನಷ್ಟ ಯಾರ ಲೆಕ್ಕಕ್ಕೂ ಬರಲಿಲ್ಲ. ಇದನ್ನು ಅವನಿಗೆ ಹೇಳಿದೆವು. ಅವನು ಒಪ್ಪಿದನೋ ಇಲ್ಲವೋ ಅರಿಯೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ನಮಸ್ಕರಿಸಿ ಹೋದನು.

1766ರಲ್ಲಿ ಸ್ಥಾಪಿತವಾದ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ 2023ರ ಏಪ್ರಿಲ್ 10ರಂದು ಮುಷ್ಕರ ನಡೆದೇ ನಡೆಯಿತು; ಐದು ದಿನಗಳ ಮೇಲೆ ನಿಂತಿತು. ಅಲ್ಲಿ ಕಾಯಂ ಅಧ್ಯಾಪಕರೂ ಅರ್ಧಕಾಲದವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ನಮಗೆ ಆ ಪರೀಕ್ಷೆ ತಪ್ಪಿತು. ಪರೀಕ್ಷೆ ತಪ್ಪಿದ್ದನ್ನು ತೇರ್ಗಡೆಯೆಂದು ಎಣಿಸುವ ಶಿಷ್ಯನನ್ನು ನಾವು ಬಹಳ ಸಲ ಗದರಿಸಿದ್ದೇವೆ. ಈಗ ಆ ಗದರಿಕೆ ನಮಗೇ ಸಲ್ಲುತ್ತದೆ.

ನಮ್ಮ ಒಪ್ಪಂದದಿಂದ ನಮಗೆ ಸಂಬಳ ಕೊಂಚ ಏರಿತು. ಆಕೆಗೆ ಅರ್ಧವರ್ಷದ ಬದಲು ಪೂರ್ಣವರ್ಷದ ನೇಮಕಪತ್ರ ದೊರೆಯಿತು. “ಇನ್ನು ಮನೆಯ ಬಾಡಿಗೆಯ ಕರಾರಿಗೆ ಅಂಜದೆ ಸಹಿ ಹಾಕಬಹುದು” ಎಂದು ಆಕೆ ನಕ್ಕರು. ಸ್ವಲ್ಪವೇ ಆದರೂ ಇದು ಒಬ್ಬರ ನಿದ್ರೆಯ ಮಾತು. ಅದನ್ನು ಅಲ್ಪವೆನ್ನುವ ಅಧಿಕಾರ, ಕಾಯಂ ಕೆಲಸದಲ್ಲಿ ಹಾಯಾಗಿ ನಿದ್ರಿಸಿದ ನಮಗಿಲ್ಲ.

ಕಾರಿನಲ್ಲಿರುವ ಫಲಕವನ್ನು ಎಸೆಯಬಾರದೇ ಎಂದು ಮನೆಯಲ್ಲಿ ಕೇಳಿದರು. ಒಪ್ಪಂದದ ಅವಧಿ ಮೂರು ವರ್ಷ. ಬಿಸಿಲು ಬಂದಿತೆಂದು ಗೃಹಸ್ಥನು ಕೊಡೆಯನ್ನು ಬೀದಿಗೆ ಎಸೆಯುವುದಿಲ್ಲ. ಒರೆಸಿ, ಬಾಗಿಲ ಹಿಂದೆ ಇಡುತ್ತಾನೆ. ನಾವೂ ಹಾಗೆಯೇ ಮಾಡಿದ್ದೇವೆ. ಮುಂದಿನ ಸಲ ಅದನ್ನು ಎತ್ತಬೇಕಾಗಿ ಬಂದರೆ, ಪಕ್ಕದ ಮೇಜಿನವರಿಗಿಂತ ಮೊದಲು ನಮ್ಮ ಕೈ ಮುಂದಾಗಲಿ ಎಂಬುದಷ್ಟೇ ನಮ್ಮ ಹಾರೈಕೆ.