ಆನೆಗೊಂದಿಯ ಹರಿಗೋಲು

ಗಂಗಾವತಿಗೆ ಹೋದವರು ಆನೆಗೊಂದಿ ನೋಡದೆ ಬರುವುದುಂಟೇ? ಅಲ್ಲಿನ ನವಬೃಂದಾವನ ತುಂಗಭದ್ರೆಯ ನಡುಗಡ್ಡೆ. ಹೊಳೆ ದಾಟಿಯೇ ದರ್ಶನ.

ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿ ಕಂಡದ್ದೂ ಬುಟ್ಟಿಯಂಥ ಹರಿಗೋಲನ್ನೇ. ಹದಿನೈದಿಪ್ಪತ್ತು ಜನ ಹಿಡಿಸುತ್ತಿತ್ತಂತೆ, ಗಿರಗಿರ ಸುತ್ತುತ್ತಲೇ ಸಾಗುತ್ತಿತ್ತಂತೆ! ಬಿದಿರಿನ ಹೆಣಿಗೆಗೆ ಆಗ ತೊಗಲಿನ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ತಳ ಚಪ್ಪಟೆಯಾದ್ದರಿಂದ ಕಡಿಮೆ ನೀರಲ್ಲೂ ತೇಲುತ್ತದೆ. ಸಣ್ಣದಾದರೆ ಅಂಬಿಗನೊಬ್ಬನೇ ಹೊತ್ತು ನಡೆಯುತ್ತಾನೆ. ಬಂಡೆಗಲ್ಲಿನ ಹೊಳೆಗೆ ಹೇಳಿ ಮಾಡಿಸಿದ ದೋಣಿ.

ಮುನಿರಾಬಾದಿನ ಜಲಾಶಯದಂಥ ಬಯಲು ನೀರಿನಲ್ಲಿ ಮಾತು ಬೇರೆ. ಗಾಳಿ ಎದ್ದರೆ ಹರಿಗೋಲು ಬುಗುರಿಯೇ ಸರಿ. ಅಲೆಯೂ ಒಳಗೆ ಬಂದೀತು. ಪರದೇಶಗಳಲ್ಲಿ ಒಬ್ಬರೇ ಕೂರುವ, ಮೇಲೆ ಮುಚ್ಚಿಗೆಯಿರುವ ಉದ್ದನೆಯ ದೋಣಿ ಇದೆ. ಅದು ನೇರ ಸಾಗುತ್ತದೆ, ಅಲೆ ಮೇಲಿಂದಲೇ ಜಾರಿಹೋಗುತ್ತದೆ. ಆದರೆ ಅತ್ತೆಯವರಿಗೆ, ಕೂಸಿಗೆ, ಬುತ್ತಿಗಂಟಿಗೆ ಅದರಲ್ಲಿ ಜಾಗವೆಲ್ಲಿ?

ಹೊಳೆ ದಾಟಲು ನಮಗೆ ಹರಿಗೋಲೇ ಸಾಕು. ಹತ್ತುವ ಮುಂಚೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದದ್ದು ನೆನಪಿರಲಿ. ಮಕ್ಕಳಿಗೂ ತೇಲುವ ಜಾಕೆಟ್ಟು ಕಟ್ಟಿ, ತಳದಲ್ಲಿ ಕೂತುಬಿಡಿ, ನಡುನೀರಲ್ಲಿ ಏಳಬೇಡಿ. ಅಂಬಿಗ ಬೇಡವೆಂದರೆ ಒತ್ತಾಯ ಮಾಡಬೇಡಿ, ದಡದಿಂದಲೇ ಕೈಮುಗಿದು ಬನ್ನಿ.